'ನಡಿಯಂಗಿಲ್ಲ' ಅಂದ ಫ್ಲ್ಯಾಶ್: ಹಳೆ ಫಿಲ್ಮ್ ಕ್ಯಾಮೆರಾಗೆ ಕೊಂಡ ಸೆಕೆಂಡ್ ಹ್ಯಾಂಡ್ ಫ್ಲ್ಯಾಶಿನ ದೋಷ ಹುಡುಕುವುದು

ಮಾವನವರ ಪೆಂಟಾಕ್ಸ್ ಕೆ1000 ನನ್ನ ಕೈಗೆ ಬಂದಾಗ ಅದರ ಜೊತೆ ಫ್ಲ್ಯಾಶ್ ಇರಲಿಲ್ಲ. ಹಳೆ ಕ್ಯಾಮೆರಾಗೆ ಹಳೆ ಫ್ಲ್ಯಾಶೇ ಸಾಕು ಅಂತ ಹುಬ್ಬಳ್ಳಿಯ ಕೊಪ್ಪಿಕರ್ ರೋಡ್, ದುರ್ಗದಬೈಲು ಎಲ್ಲಾ ಸುತ್ತಿದೆ. ಕೊನೆಗೆ ಸಿಕ್ಕಿದ್ದು ಧಾರವಾಡದಲ್ಲಿ. ಅದೊಂದು ಹಳೆ ಸ್ಟುಡಿಯೋ. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಲ್ಯಾಮಿನೇಶನ್ ಮಾತ್ರ ನಡೆಯುತ್ತದೆ. ಗಾಜಿನ ಕಪಾಟಿನ ಕೆಳಗಿನ ಖಾನೆಯಲ್ಲಿ ಎರಡು ಫ್ಲ್ಯಾಶ್ ಧೂಳು ತಿನ್ನುತ್ತಾ ಕೂತಿದ್ದವು. ಎರಡೂ ಒಂದೇ ಮಾಡೆಲ್. ಒಂದು ಕಬ್ಬಿಣದ ಬ್ರಾಕೆಟ್ ಮೇಲೆ ಕೂತಿತ್ತು.

"ಇವು ನಡಿಯಂಗಿಲ್ಲ ತಮ್ಮಾ. ಸೆಲ್ ಹಾಕಿ ನೋಡೇನಿ, ಒಂದೂ ಮಿಣುಕ್ ಅನ್ನಂಗಿಲ್ಲ. ಬೇಕಂದ್ರ ಎರಡೂ ಒಯ್ಯಿ, ಐನೂರು ಕೊಡು" ಅಂದರು ಅಂಗಡಿಯ ಕಾಕಾ.

ಯಾವ ಸೆಲ್ ಹಾಕಿ ನೋಡಿದ್ರಿ ಕಾಕಾ ಅಂತ ಕೇಳಿದೆ. ಗೋಡೆ ಗಡಿಯಾರದ ಸೆಲ್ಲು ತೋರಿಸಿದರು. ಅಲ್ಲೇ ನನಗೆ ಅರ್ಧ ಧೈರ್ಯ ಬಂತು.

ಮುಂದೆ ಬರೆದಿದ್ದೆಲ್ಲ ಆ ಎರಡು ಫ್ಲ್ಯಾಶ್ ಕಲಿಸಿದ್ದು. ಕಲಿಯುವ ಹೊತ್ತಿಗೆ ಒಂದು ಕಲರ್ ರೋಲ್ ಹಾಳಾಯಿತು. ರೋಲಿನ ದುಡ್ಡು, ಬೆಂಗಳೂರಿಗೆ ಕೊರಿಯರ್, ತೊಳೆಸಿ ಸ್ಕ್ಯಾನ್ ಮಾಡಿಸಿದ್ದು, ಎಲ್ಲಾ ಸೇರಿ ಎರಡು ಫ್ಲ್ಯಾಶಿನ ಬೆಲೆಗಿಂತ ಜಾಸ್ತಿ ಆಗಿತ್ತು. ಆಮೇಲೆ ಲೆಕ್ಕ ಹಾಕಿದಾಗ ಹೊಟ್ಟೆ ಉರಿಯಿತು. ಯಾಕಂದರೆ ಆ ರೋಲಿನಲ್ಲಿ ಕಂಡ ದೋಷವನ್ನೆಲ್ಲ ಖಾಲಿ ಕ್ಯಾಮೆರಾ, ಒಂದು ಬಿಳಿ ಗೋಡೆ, ನಾಲ್ಕು ಒಳ್ಳೆ ಸೆಲ್ಲು ಇದ್ದಿದ್ದರೆ ಮನೆಯಲ್ಲೇ ಹಿಡಿಯಬಹುದಿತ್ತು. ಅದಕ್ಕೇ ಹೇಳುತ್ತೇನೆ, ಗೋಡೆಯ ಮುಂದೆ ಪಾಸಾಗದ ಫ್ಲ್ಯಾಶಿಗೆ ಫಿಲ್ಮ್ ತೋರಿಸಲೇಬೇಡಿ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಜೇಬಿನಲ್ಲಿ ನಾಲ್ಕು ಹೊಸ ಪೆನ್ಸಿಲ್ ಸೆಲ್ಲು ಇರಲಿ. ಆಲ್ಕಲೈನ್ ಆಗಿರಬೇಕು, ಇಲ್ಲವೇ ಪೂರ್ತಿ ಚಾರ್ಜ್ ಆದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು. ರಿಮೋಟಿಗೆ, ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಇಲ್ಲಿ ನಡೆಯುವುದಿಲ್ಲ. ಗಡಿಯಾರ ತೊಟ್ಟು ತೊಟ್ಟಾಗಿ ಕರೆಂಟ್ ಕುಡಿಯುತ್ತದೆ. ಫ್ಲ್ಯಾಶ್ ಚಾರ್ಜ್ ಆಗುವಾಗ ಕೊಡಗಟ್ಟಲೆ ಎಳೆಯುತ್ತದೆ. ಅಗ್ಗದ ಸೆಲ್ಲಿಗೆ ಅಷ್ಟು ಕೊಡುವ ತಾಕತ್ತಿಲ್ಲ, ಎಳೆದ ತಕ್ಷಣ ಅದರ ವೋಲ್ಟೇಜ್ ಕುಸಿಯುತ್ತದೆ. 'ಸತ್ತಿದೆ' ಅಂತ ಮಾರುವ ಫ್ಲ್ಯಾಶಿನಲ್ಲಿ ಎಷ್ಟೋ ಇದೊಂದೇ ಕಾರಣಕ್ಕೆ ಸತ್ತಿರುತ್ತವೆ.

ಸೆಲ್ ಹಾಕುವ ಮೊದಲು ಸೆಲ್ಲಿನ ಗೂಡು ನೋಡಿ. ಬಿಳಿ ಪುಡಿ ಅಥವಾ ಹಸಿರು ಕಿಲುಬು ಇದ್ದರೆ ಹಳೆ ಸೆಲ್ಲು ಅಲ್ಲೇ ಸೋರಿದೆ ಅಂತ ಅರ್ಥ. ಹಾಗಂತ ಬಿಟ್ಟು ಬರಬೇಕಿಲ್ಲ, ಬೆಲೆ ಇಳಿಸಿ ಕೇಳಬಹುದು. ಆಲ್ಕಲೈನ್ ಸೆಲ್ಲಿನ ಸೋರಿಕೆ ಕ್ಷಾರದ ಗುಣದ್ದು. ಹಳೆ ಟೂತ್‌ಬ್ರಷ್ಷಿಗೆ ಎರಡು ಹನಿ ಲಿಂಬಿ ರಸ ಅಥವಾ ವಿನೆಗರ್ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಆಮೇಲೆ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಲಿಂಬಿ ರಸ ಒಳಗೆ ಇಳಿಯಬಾರದು, ಬ್ರಷ್ ಒದ್ದೆಯಾದರೆ ಸಾಕು. ಸ್ಪ್ರಿಂಗ್ ಪೂರ್ತಿ ತಿಂದುಹೋಗಿ ಮುಟ್ಟಿದರೆ ಮುರಿಯುವ ಹಾಗಿದ್ದರೆ ಮಾತ್ರ ಬೇಡ ಅನ್ನಿ.

ಈಗ ಸೆಲ್ ಹಾಕಿ, ಸ್ವಿಚ್ ಒತ್ತಿ, ಕಿವಿ ಹತ್ತಿರ ಹಿಡಿಯಿರಿ. ದುರ್ಗದಬೈಲಿನ ಗದ್ದಲದಲ್ಲಿ ಇದು ಕೇಳುವುದಿಲ್ಲ, ಅಂಗಡಿಯ ಒಳಕ್ಕೆ ಹೋಗಿ. ಒಳ್ಳೆಯ ಫ್ಲ್ಯಾಶ್ 'ಕುಂಯ್...' ಅಂತ ಸಣ್ಣಗೆ ಶುರುಮಾಡಿ ಸ್ವರ ಏರಿಸುತ್ತಾ ಹೋಗುತ್ತದೆ. ಸೆಲ್ಲಿನ 6 ವೋಲ್ಟನ್ನು ಒಳಗಿನ ಸರ್ಕ್ಯೂಟ್ 300 ವೋಲ್ಟಿನ ಆಸುಪಾಸಿಗೆ ಏರಿಸಿ, ಕರೆಂಟ್ ಕೂಡಿಡುವ ದೊಡ್ಡ ಕೆಪಾಸಿಟರಿಗೆ ತುಂಬುವಾಗ ಬರುವ ಸದ್ದು ಅದು. ಸ್ವರ ತುತ್ತತುದಿಗೆ ಹೋದ ಮೇಲೆ ಹಿಂದಿನ ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿತು ಅಂದರೆ ಪೂರ್ತಿ ತುಂಬಿತು ಅಂತಲ್ಲ, ಹೆಚ್ಚುಕಡಿಮೆ ತುಂಬಿತು ಅಂತ. ಇನ್ನೂ ಒಂದಿಷ್ಟು ಸೆಕೆಂಡ್ ಬಿಟ್ಟು ಟೆಸ್ಟ್ ಬಟನ್ ಒತ್ತಿ.

ಕಾಕಾನ ಅಂಗಡಿಯಲ್ಲಿ ಬ್ರಾಕೆಟ್ ಮೇಲಿದ್ದ ಫ್ಲ್ಯಾಶಿಗೆ ನನ್ನ ಸೆಲ್ಲು ಹಾಕಿದೆ. ಮೊದಲು ಸದ್ದೇ ಇಲ್ಲ. ಸೆಲ್ಲಿನ ಮುಚ್ಚಳವನ್ನು ಬೆರಳಿಂದ ಒತ್ತಿ ಹಿಡಿದೆ. 'ಕುಂಯ್' ಅಂತು. ಮುಚ್ಚಳದ ಒಳಗೊಂದು ತಗಡಿನ ಪಟ್ಟಿ ಇತ್ತು, ಅದು ಕಪ್ಪಾಗಿತ್ತು. ಕಾಕಾನ ಮೇಜಿನ ಮೇಲಿದ್ದ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದನ್ನು ಉಜ್ಜಿದೆ. ದೀಪ ಹತ್ತಿತು, ಒತ್ತಿದೆ, ಹೊಡೆಯಿತು. ಕಾಕಾ ಕಣ್ಣು ಉಜ್ಜಿಕೊಂಡು "ಹೌದಲ್ಲಪಾ!" ಅಂದರು. ಬೆಲೆ ಏರಿಸಲಿಲ್ಲ, ದೊಡ್ಡ ಮನಸ್ಸು.

ಸದ್ದು ಬಂದರೂ ದೀಪ ಹತ್ತದಿದ್ದರೆ

ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಒಳಗಿರುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ವರ್ಷಗಟ್ಟಲೆ ಖಾಲಿ ಬಿದ್ದಿದ್ದರೆ ಅದರ ಒಳಗಿನ ತೆಳು ಆಕ್ಸೈಡ್ ಪದರ ಸೊರಗುತ್ತದೆ. ತೂತು ಕೊಡ ಇದ್ದ ಹಾಗೆ, ಒಂದು ಕಡೆ ತುಂಬುತ್ತಾ ಇದ್ದರೆ ಇನ್ನೊಂದು ಕಡೆ ಸೋರುತ್ತಾ ಇರುತ್ತದೆ. ಚಾರ್ಜ್ ಆಗುತ್ತಾ ಆಗುತ್ತಾ ಆ ಪದರ ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆ ಇದೆ. ಆದ್ದರಿಂದ ಒಂದೆರಡು ನಿಮಿಷ ಆನ್ ಇಡಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆನ್ ಮಾಡಿ. ಹೀಗೆ ನಾಲ್ಕಾರು ಸಲ ಮಾಡಿ. ನಡುವೆ ಕೈಯಿಟ್ಟು ನೋಡುತ್ತಿರಿ. ಮೈ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ ಸೆಲ್ ತೆಗೆಯಿರಿ.

ದೀಪ ಹತ್ತಿದ ಮೇಲೂ ಕೆಪಾಸಿಟರ್ ಎಷ್ಟು ಗಟ್ಟಿ ಅಂತ ನೋಡಬೇಕು. ಮ್ಯಾನುಯಲ್‌ಗೆ ಹಾಕಿ, ಪೂರ್ತಿ ಶಕ್ತಿಯಲ್ಲಿ ಎಂಟು-ಹತ್ತು ಸಲ ಹೊಡೆಯಿರಿ. ಒಂದೊಂದರ ನಡುವೆ ಅರ್ಧ ನಿಮಿಷ ಬಿಡಿ. ಮೊದಲ ಸಲಕ್ಕಿಂತ ಐದನೇ ಸಲ ಬೇಗ ದೀಪ ಬಂದರೆ ಅದು ಚೇತರಿಸಿಕೊಳ್ಳುತ್ತಿದೆ. ಒಳ್ಳೆ ಸೆಲ್ಲಿನಲ್ಲೂ ಪ್ರತಿ ಸಲ ನಿಮಿಷಗಟ್ಟಲೆ ಕಾಯಿಸಿದರೆ ಅದರ ಕಾಲ ಮುಗಿಯುತ್ತಾ ಬಂದಿದೆ.

ಸದ್ದೂ ಇದೆ, ದೀಪವೂ ಇದೆ, ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಏನೂ ಇಲ್ಲ ಅಂದರೆ ಬೆಳಕು ಕೊಡುವ ಟ್ಯೂಬ್ ಅಥವಾ ಅದನ್ನು ಕೆಣಕುವ ಟ್ರಿಗರ್ ಕಾಯಿಲ್ ಹೋಗಿರುತ್ತದೆ. ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಫ್ಲ್ಯಾಶ್ ಬಿಚ್ಚಬೇಡಿ. ಸ್ವಿಚ್ ಆಫ್ ಮಾಡಿ, ಸೆಲ್ ತೆಗೆದು ಇಟ್ಟ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಕೂತಿರುತ್ತದೆ. ಅದು ಹೊಡೆದರೆ ಸುಮ್ನೆ ಚುರುಕ್ ಅನ್ನುವ ಶಾಕ್ ಅಲ್ಲ, ಜೀವಕ್ಕೇ ಕುತ್ತು. ಟಿವಿ, ಇನ್ವರ್ಟರ್ ರಿಪೇರಿ ಮಾಡುವವರಿಗೆ ಇದು ಗೊತ್ತಿರುತ್ತದೆ. ನಮ್ಮಂಥವರು ಹೊರಗಿನ ತಗಡು, ವೈರು, ಶೂ (ಕ್ಯಾಮೆರಾದ ತಲೆ ಮೇಲೆ ಫ್ಲ್ಯಾಶ್ ಕೂರುವ ಜಾಗ) ಇಷ್ಟಕ್ಕೇ ಕೈ ಹಾಕಬೇಕು.

ಟೆಸ್ಟ್ ಬಟನ್‌ಗೆ ಹೊಡೆಯುತ್ತದೆ, ಕ್ಯಾಮೆರಾದಲ್ಲಿ ಇಲ್ಲ

ಈ ದೋಷಕ್ಕೆ ಎಲ್ಲರೂ ಮೊದಲು ಫ್ಲ್ಯಾಶನ್ನೇ ಬೈಯುತ್ತಾರೆ. ಟೆಸ್ಟ್ ಬಟನ್‌ಗೆ ಹೊಡೆದ ಮೇಲೆ ಫ್ಲ್ಯಾಶಿನ ಹೊಟ್ಟೆ ಗಟ್ಟಿ ಇದೆ ಅಂತಾಯಿತು. ಇನ್ನು ಉಳಿದಿದ್ದು ದಾರಿ. ಕ್ಯಾಮೆರಾದಿಂದ ಫ್ಲ್ಯಾಶಿಗೆ 'ಹೊಡಿ' ಅನ್ನುವ ಮಾತು ಹೋಗುವುದು ಎರಡು ತಂತಿ ಒಂದಕ್ಕೊಂದು ಮುಟ್ಟುವುದರಿಂದ, ಅಷ್ಟೇ. ಶಟರ್ ಪೂರ್ತಿ ತೆರೆದ ಕ್ಷಣ ಕ್ಯಾಮೆರಾ ಒಳಗೆ ಒಂದು ಸ್ವಿಚ್ ಮುಚ್ಚುತ್ತದೆ. ಹಾಟ್ ಶೂ ಇದ್ದರೆ ನಡುವಿನ ಚುಕ್ಕೆ ಒಂದು ತಂತಿ, ಪಕ್ಕದ ಹಳಿ ಇನ್ನೊಂದು. ಕಾರ್ಡ್ (ಕ್ಯಾಮೆರಾದಿಂದ ಫ್ಲ್ಯಾಶಿಗೆ ಹೋಗುವ ವೈರು, ಸಿಂಕ್ ಕಾರ್ಡ್) ಹಾಕುವ ಕ್ಯಾಮೆರಾ ಆದರೆ ಮುಂದೆ ಅಥವಾ ಪಕ್ಕದಲ್ಲಿ ಸಣ್ಣ ದುಂಡನೆ ತೂತು ಇರುತ್ತದೆ, ಅದು ಪಿಸಿ ಸಾಕೆಟ್. ಕಂಪ್ಯೂಟರಿಗೂ ಅದಕ್ಕೂ ಸಂಬಂಧ ಇಲ್ಲ. ಪ್ರೋಂಟರ್, ಕೊಂಪುರ್ ಅಂತ ಎರಡು ಹಳೆ ಜರ್ಮನ್ ಶಟರುಗಳಿದ್ದವು, ಅವುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಅಷ್ಟೇ.

ಕೆ1000ದಲ್ಲಿ ಹಾಟ್ ಶೂ, ಪಿಸಿ ಸಾಕೆಟ್ ಎರಡೂ ಇವೆ. ಇದು ದೋಷ ಹುಡುಕುವವನಿಗೆ ವರ ಇದ್ದ ಹಾಗೆ. ನನ್ನ ಫ್ಲ್ಯಾಶನ್ನು ಬ್ರಾಕೆಟ್ ಮೇಲೆ ಕೂರಿಸಿ ಕಾರ್ಡ್ ಹಾಕಿದರೆ ಒಮ್ಮೆ ಹೊಡೆಯುತ್ತಿತ್ತು, ಮೂರು ಸಲ ಇಲ್ಲ. ಬ್ರಾಕೆಟ್ ಬಿಚ್ಚಿ ನೇರ ಶೂ ಮೇಲೆ ಕೂರಿಸಿದರೆ ಪ್ರತಿ ಸಲವೂ ಹೊಡೆಯಿತು. ಹಾಗಾದರೆ ಫ್ಲ್ಯಾಶ್ ಸರಿ, ಕ್ಯಾಮೆರಾ ಸರಿ. ಕಳ್ಳ ಉಳಿದಿದ್ದು ಕಾರ್ಡಿನಲ್ಲಿ ಅಥವಾ ಸಾಕೆಟ್ಟಿನಲ್ಲಿ.

ಕಾರ್ಡನ್ನು ಬೇರೆ ಮಾಡಿ ನೋಡುವುದು ಸುಲಭ. ಫ್ಲ್ಯಾಶ್ ಚಾರ್ಜ್ ಮಾಡಿ, ಕಾರ್ಡಿನ ಕ್ಯಾಮೆರಾ ಕಡೆಯ ತುದಿ ಹಿಡಿಯಿರಿ. ಅದರ ನಡುವಿನ ಗೂಡಿಗೂ ಹೊರಗಿನ ಉಂಗುರಕ್ಕೂ ಒಂದೇ ಸಲ ತಾಗುವ ಹಾಗೆ ಬಿಚ್ಚಿದ ಪೇಪರ್ ಕ್ಲಿಪ್ ಮುಟ್ಟಿಸಿ. ಕ್ಲಿಪ್ಪಿಗೆ ಒಂದು ಸುತ್ತು ಟೇಪ್ ಸುತ್ತಿರಿ, ಬರಿಗೈಯಲ್ಲಿ ಬೇಡ. ಹಳೆ ಫ್ಲ್ಯಾಶ್ ಆದರೆ ಅಲ್ಲೂ ಚಿಟಿಕೆ ಹೊಡೆಯುತ್ತದೆ. ಮುಟ್ಟಿಸಿದಾಗ ಫ್ಲ್ಯಾಶ್ ಹೊಡೆದರೆ ಕಾರ್ಡ್ ಸರಿ. ಹೊಡೆಯದಿದ್ದರೆ ಕಾರ್ಡಿನ ಎರಡೂ ತುದಿಯ ಹತ್ತಿರ ವೈರನ್ನು ಮೆಲ್ಲಗೆ ಬಗ್ಗಿಸುತ್ತಾ ಮುಟ್ಟಿಸಿ ನೋಡಿ. ಬಗ್ಗಿಸಿದಾಗ ಮಾತ್ರ ಹೊಡೆದರೆ ಒಳಗೆ ತಂತಿ ತುಂಡಾಗಿದೆ. ಸಿಂಕ್ ಕಾರ್ಡ್ ಯಾವಾಗಲೂ ಸಾಯುವುದು ಕುತ್ತಿಗೆಯಲ್ಲೇ. ನನ್ನದೂ ಅಲ್ಲೇ ಸತ್ತಿತ್ತು.

ಶೂ ಮೇಲೂ ಹೊಡೆಯದಿದ್ದರೆ ಮೊದಲು ಒರೆಸಿ. ಧಾರವಾಡದ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಬರುತ್ತದೆ, ಶೂ ತಗಡು ಕಪ್ಪಾಗುವುದು ಏನು ಮಹಾ? ರಬ್ಬರಿನಿಂದ ನಡುವಿನ ಚುಕ್ಕೆ, ಫ್ಲ್ಯಾಶಿನ ಕಾಲಿನ ಪಿನ್, ಪಕ್ಕದ ಹಳಿಯ ಒಳಮೈ ಉಜ್ಜಿ. ಹಳಿಯ ಒಳಮೈಯನ್ನು ಎಲ್ಲರೂ ಮರೆಯುತ್ತಾರೆ. ಕೆಲವು ಕ್ಯಾಮೆರಾದ ಹಳಿಗೆ ಕರಿ ಬಣ್ಣ ಇರುತ್ತದೆ, ಕೆಲವು ಅಗ್ಗದ ಫ್ಲ್ಯಾಶಿನ ಕಾಲು ಪ್ಲಾಸ್ಟಿಕ್ಕಿನದು, ಅದರಲ್ಲಿ ಸಣ್ಣ ತಗಡಿನ ಚೂರು ಮಾತ್ರ ಹಳಿಗೆ ತಾಗಬೇಕು. ಅದು ಒಳಕ್ಕೆ ಬಾಗಿದ್ದರೆ ತಾಗುವುದೇ ಇಲ್ಲ.

ಒರೆಸಿದರೂ ಆಗದಿದ್ದರೆ ಕ್ಯಾಮೆರಾ ಪರೀಕ್ಷಿಸಿ. ಫ್ಲ್ಯಾಶ್ ತೆಗೆದಿಡಿ. ಮಲ್ಟಿಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ. ಒಂದು ಕಡ್ಡಿ ಶೂ ನಡುವಿನ ಚುಕ್ಕೆಗೆ, ಇನ್ನೊಂದು ಹಳಿಗೆ. ಶಟರ್ ಡಯಲ್ 'ಬಿ'ಗೆ (ಬಟನ್ ಒತ್ತಿರುವಷ್ಟು ಹೊತ್ತು ಶಟರ್ ತೆರೆದಿರುವ ಗುರುತು) ಹಾಕಿ, ಕ್ಯಾಮೆರಾ ವೈಂಡ್ ಮಾಡಿ, ಬಟನ್ ಒತ್ತಿ ಹಿಡಿಯಿರಿ. ಒತ್ತಿರುವಷ್ಟು ಹೊತ್ತು ಬೀಪ್ ಬಂದರೆ ಕ್ಯಾಮೆರಾದ ಸ್ವಿಚ್ ಜೀವಂತ ಇದೆ. ಇದು ಕೆ1000 ಥರದ ಮೆಕ್ಯಾನಿಕಲ್ ಕ್ಯಾಮೆರಾಗೆ ಹೇಳಿದ ಮಾತು. ಎಲೆಕ್ಟ್ರಾನಿಕ್ ಕ್ಯಾಮೆರಾಗಳಲ್ಲಿ ಆ ಸ್ವಿಚ್ಚಿನ ಜಾಗದಲ್ಲಿ ಸೆಮಿಕಂಡಕ್ಟರ್ ಇದ್ದರೆ ಮಲ್ಟಿಮೀಟರ್ ಬೀಪ್ ಅನ್ನದಿರಬಹುದು. ಅದನ್ನು ನೋಡಿ ಕ್ಯಾಮೆರಾ ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗುತ್ತದೆ. ಅಂಥ ಕ್ಯಾಮೆರಾಗೆ ಇನ್ನೊಂದು ಫ್ಲ್ಯಾಶ್ ಕೂರಿಸಿ ನೋಡುವುದೇ ದಾರಿ.

ಹೊಡೆಯಿತು, ಆದರೆ ಫೋಟೋ ಅರ್ಧ ಕಪ್ಪು

ಈಗ ನನ್ನ ಹಾಳಾದ ರೋಲಿಗೆ ಬರೋಣ. ಗದಗಿನಲ್ಲಿ ಅಕ್ಕನ ಮಗುವಿನ ತೊಟ್ಟಿಲ ಕಾರ್ಯಕ್ರಮ. 36 ಫೋಟೋದ ರೋಲು, ಫಿಲ್ಮ್ ಸ್ಪೀಡ್ 200 ಐಎಸ್ಒ. ಎರಡು ವಾರ ಬಿಟ್ಟು ಸ್ಕ್ಯಾನ್ ಬಂತು. ಮೊದಲ ಹತ್ತು-ಹನ್ನೆರಡರಲ್ಲಿ ಅರ್ಧ ಫೋಟೋ ಇದೆ, ಅರ್ಧ ಕತ್ತಲು. ತೊಟ್ಟಿಲಿದೆ, ಕೂಸು ಇಲ್ಲ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೇಲಿಂದ ಕೆಳಕ್ಕೆ ಗೆರೆ. ಉಳಿದವು ಪೂರ್ತಿ ಮಬ್ಬು, ಕಿಟಕಿ ಮತ್ತು ಆರತಿಯ ದೀಪ ಮಾತ್ರ ಕಾಣುತ್ತಿದ್ದವು.

ಒಂದೇ ರೋಲಿನಲ್ಲಿ ಎರಡು ಬೇರೆ ಬೇರೆ ದೋಷ. ಉಳಿದವುಗಳ ಕಥೆ ಮೇಲೆ ಹೇಳಿದ ಕಾರ್ಡಿನದು. ಕಾರ್ಯಕ್ರಮದ ಗದ್ದಲದಲ್ಲಿ ಫ್ಲ್ಯಾಶ್ ಹೊಡೆಯಿತೋ ಇಲ್ಲವೋ ಅಂತ ನಾನು ನೋಡಲೇ ಇಲ್ಲ. ಅರ್ಧ ಕಪ್ಪಿಗೆ ಕಾರಣ ನನ್ನ ಬೆರಳು.

ಈ ಕ್ಯಾಮೆರಾಗಳಲ್ಲಿ ಫಿಲ್ಮಿನ ಮುಂದೆ ಎರಡು ಪರದೆ ಇರುತ್ತವೆ. ಮೊದಲನೆಯದು ಸರಿದು ಕಿಟಕಿ ತೆರೆಯುತ್ತದೆ, ಎರಡನೆಯದು ಹಿಂದೆ ಬಂದು ಮುಚ್ಚುತ್ತದೆ. ಡಯಲ್ 60ರಲ್ಲಿ, ಅಂದರೆ ಸೆಕೆಂಡಿನ 1/60 ಭಾಗದಲ್ಲಿ ಇದ್ದರೆ ಮೊದಲನೆಯದು ಆ ತುದಿ ಮುಟ್ಟಿದ ಮೇಲೆ ಎರಡನೆಯದು ಹೊರಡುತ್ತದೆ. ನಡುವೆ ಒಂದು ಕ್ಷಣ ಕಿಟಕಿ ಪೂರ್ತಿ ತೆರೆದಿರುತ್ತದೆ, ಆಗ ಫ್ಲ್ಯಾಶ್ ಹೊಡೆಯುತ್ತದೆ. 125ಕ್ಕೆ ಹಾಕಿದರೆ ಮೊದಲನೆಯದು ತಲುಪುವ ಮೊದಲೇ ಎರಡನೆಯದು ಬೆನ್ನತ್ತುತ್ತದೆ. ಕಿಟಕಿ ಎಂದೂ ಪೂರ್ತಿ ತೆರೆಯುವುದಿಲ್ಲ. ಫ್ಲ್ಯಾಶಿನ ಬೆಳಕು ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಆ ಕ್ಷಣ ಪರದೆ ಎಲ್ಲಿತ್ತೋ ಅಲ್ಲಿ ಕತ್ತಲು. ಕೆ1000ದ ಮಿತಿ 60. ಗದಗಿನ ಮನೆಯಲ್ಲಿ ಕಿಟಕಿಯ ಬೆಳಕು ಚೆನ್ನಾಗಿತ್ತು, ಆ ಕಿಟಕಿಯ ಕಡೆ ತಿರುಗಿಸಿ, ಬೆಳಕು ಅಳೆಯುವ ಮೀಟರಿನ ಮುಳ್ಳು ನಡುವೆ ನಿಲ್ಲಲಿ ಅಂತ 125 ಮಾಡಿದ್ದೆ. ಫ್ಲ್ಯಾಶ್ ಹಾಕಿದ ಮೇಲೆ ಆ ಮುಳ್ಳಿನ ಮಾತು ಕೇಳಬಾರದು ಅನ್ನುವುದು ತಲೆಗೇ ಬರಲಿಲ್ಲ.

ಕ್ಯಾನನ್ ಎಇ-1, ಮಿನೋಲ್ಟಾ ಎಕ್ಸ್-700 ಇವಕ್ಕೂ 60. ನಿಕಾನ್ ಎಫ್ಎಂ10ಕ್ಕೆ 125. ಝೆನಿಟ್-ಇ ಕ್ಯಾಮೆರಾಗೆ 30 ಮಾತ್ರ. ನಿಮ್ಮ ಡಯಲಿನಲ್ಲಿ ಒಂದು ಅಂಕಿ ಬೇರೆ ಬಣ್ಣದಲ್ಲಿದ್ದರೆ ಅಥವಾ ಅದರ ಪಕ್ಕ 'ಎಕ್ಸ್' ಗುರುತಿದ್ದರೆ ಅದೇ ಮಿತಿ. ಅದಕ್ಕಿಂತ ಕೆಳಗೆ ಹೋಗಬಹುದು, ಮೇಲೆ ಹೋಗಬಾರದು. ಇನ್ನು ಕತ್ತಲಿನ ಆಕಾರವೇ ಪರದೆಯ ಜಾತಿ ಹೇಳುತ್ತದೆ. ಕ್ಯಾಮೆರಾ ಅಡ್ಡ ಹಿಡಿದಾಗ ಕತ್ತಲು ಎಡಕ್ಕೋ ಬಲಕ್ಕೋ ಇದ್ದರೆ ಅದು ಅಡ್ಡ ಓಡುವ ಪರದೆ, ಸಾಮಾನ್ಯವಾಗಿ ಬಟ್ಟೆಯದು. ಮೇಲೋ ಕೆಳಗೋ ಇದ್ದರೆ ಉದ್ದುದ್ದ ಓಡುವ ಲೋಹದ ಪರದೆ.

ಇದನ್ನು ಫಿಲ್ಮ್ ಇಲ್ಲದೆ ನೋಡುವ ದಾರಿ ಇದೆ. ಈ ಇಡೀ ಬರಹದಲ್ಲಿ ನನಗೆ ಜಾಸ್ತಿ ಇಷ್ಟವಾದ ಪರೀಕ್ಷೆ ಇದೇ. ಖಾಲಿ ಕ್ಯಾಮೆರಾಗೆ ಚಾರ್ಜ್ ಆದ ಫ್ಲ್ಯಾಶ್ ಹಾಕಿ, ಹಿಂಬಾಗಿಲು ತೆರೆಯಿರಿ. ಲೆನ್ಸಿನ ಅಪರ್ಚರ್ (ಬೆಳಕು ಒಳಗೆ ಬರುವ ತೂತು) ಪೂರ್ತಿ ಬಿಚ್ಚಿ. ಮಬ್ಬು ಕೋಣೆಯಲ್ಲಿ ಬಿಳಿ ಗೋಡೆಗೆ ತಿರುಗಿಸಿ, ಕಣ್ಣನ್ನು ಹಿಂದಿನ ಕಿಟಕಿಯ ಹತ್ತಿರ ಇಟ್ಟು ಬಟನ್ ಒತ್ತಿ. 60ರಲ್ಲಿ ಪೂರ್ತಿ ಆಯತ ಫಳ್ ಅಂತ ಬೆಳಗುತ್ತದೆ. 125ಕ್ಕೆ ಹಾಕಿ ಒತ್ತಿ, ಒಂದು ಪಕ್ಕ ಕತ್ತಲು. 250ಕ್ಕೆ ಹಾಕಿ, ಬರೀ ಪಟ್ಟಿ. 60ರಲ್ಲೂ ಒಂದು ಪಕ್ಕ ಕತ್ತಲು ಕಂಡರೆ ಶಟರ್ ನಿಧಾನ ಆಗಿದೆ, ಫ್ಲ್ಯಾಶ್ ಬದಲಿಸಿ ಪ್ರಯೋಜನ ಇಲ್ಲ, 30ರಲ್ಲಿ ನೋಡಿ. ಏನೂ ಕಾಣದೆ ಬರೀ ಫ್ಲ್ಯಾಶ್ ಹೊಡೆದರೆ ಸಮಯ ತಪ್ಪಿದೆ. ಎರಡು ಸಾಕೆಟ್ ಇರುವ ಹಳೆ ಕ್ಯಾಮೆರಾಗಳಲ್ಲಿ ಕಾರ್ಡನ್ನು 'ಎಫ್‌ಪಿ' ಅನ್ನುವುದಕ್ಕೆ ಚುಚ್ಚಿದರೆ ಹೀಗಾಗುತ್ತದೆ. ಅದು ಒಂದು ಸಲ ಉರಿದು ಹೋಗುವ ಹಳೆ ಬಲ್ಬುಗಳಿಗೆ ಮಾಡಿದ್ದು, ಅವು ಉರಿಯಲು ಸಮಯ ತೆಗೆದುಕೊಳ್ಳುತ್ತಿದ್ದರಿಂದ ಮೊದಲೇ ಕರೆಂಟ್ ಕೊಡುತ್ತದೆ. ನಮ್ಮ ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ 'ಎಕ್ಸ್' ಸಾಕೆಟ್ಟೇ ಬೇಕು.

ಪೂರ್ತಿ ಕಪ್ಪು, ಪೂರ್ತಿ ಬಿಳುಪು

ಗೋಡೆ ಪರೀಕ್ಷೆ ಪಾಸಾಗಿ, ಆಮೇಲೂ ಫೋಟೋ ಕೆಟ್ಟರೆ ತಪ್ಪು ಲೆಕ್ಕದಲ್ಲಿದೆ.

ಫ್ಲ್ಯಾಶಿನ ಬಲವನ್ನು ಗೈಡ್ ನಂಬರ್ ಅಂತ ಹೇಳುತ್ತಾರೆ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್. 100 ಐಎಸ್ಒಗೆ ಗೈಡ್ ನಂಬರ್ 28 (ಮೀಟರ್ ಲೆಕ್ಕದಲ್ಲಿ) ಇರುವ ಫ್ಲ್ಯಾಶ್, 5 ಮೀಟರ್ ದೂರದ ಮನುಷ್ಯ, 28 ಭಾಗಿಸು 5 ಅಂದರೆ 5.6. 200ರ ಫಿಲ್ಮಿಗೆ ಗೈಡ್ ನಂಬರನ್ನು 1.4ರಿಂದ ಗುಣಿಸಿ, 400ಕ್ಕೆ 2ರಿಂದ. ಲೆಕ್ಕ ಇಷ್ಟೇ. ಆದರೆ ಮಾರುವವರು "120 ಪವರ್ ಐತ್ರೀ" ಅಂದರೆ ಬಾಯಿ ಬಿಡಬೇಡಿ. ಅದು ಅಡಿಯ ಲೆಕ್ಕ. ವಿವಿಟಾರ್ 283 ಅನ್ನುವ ಫ್ಲ್ಯಾಶಿನ 120 ಅಂದರೆ ಮೀಟರಿನಲ್ಲಿ 36ರ ಸುಮಾರು. ಅದೇನೂ ಕಡಿಮೆ ಅಲ್ಲ, ಆದರೆ 120 ಮೀಟರ್ ಅಂತೂ ಅಲ್ಲ.

ಫ್ಲ್ಯಾಶಿನ ಹಿಂದಿನ ತಿರುಗುವ ಪಟ್ಟಿಯಲ್ಲೂ ಅಡಿ ಮತ್ತು ಮೀಟರ್ ಎರಡು ಸಾಲು ಇರುತ್ತವೆ. 3 ಮೀಟರ್ ದೂರಕ್ಕೆ ಅಡಿಯ ಸಾಲಿನಲ್ಲಿ 3 ನೋಡಿದರೆ ಪಟ್ಟಿ 22 ಅಥವಾ ಅದಕ್ಕೂ ಹೆಚ್ಚು ಅನ್ನುತ್ತದೆ. ನಿಜಕ್ಕೂ ಬೇಕಾದದ್ದು 8 ಅಥವಾ 11. ಫೋಟೋ ಕಲ್ಲಿದ್ದಲು. ಹಾಗೇ ಫಿಲ್ಮ್ ಸ್ಪೀಡ್ ಡಿನ್ ಲೆಕ್ಕದಲ್ಲಿ ಬರೆದ ಹಳೆ ಫ್ಲ್ಯಾಶ್ ಸಿಕ್ಕರೆ ಗಾಬರಿ ಬೇಡ. 21 ಅಂದರೆ 100, 24 ಅಂದರೆ 200, 27 ಅಂದರೆ 400.

ಆಟೋ ಫ್ಲ್ಯಾಶ್ ಆದರೆ ಮುಂದೆ ಒಂದು ಸಣ್ಣ ಕಣ್ಣು ಇರುತ್ತದೆ. ಎದುರಿನಿಂದ ತಿರುಗಿ ಬಂದ ಬೆಳಕನ್ನು ಅದು ಅಳೆದು, ಸಾಕು ಅನಿಸಿದಾಗ ಕತ್ತರಿಸುತ್ತದೆ. ಅದು ಕೆಲಸ ಮಾಡುತ್ತಿದೆಯೋ ಅಂತ ನೋಡಲು ಆಟೋಗೆ ಹಾಕಿ ಬಿಳಿ ಗೋಡೆಗೆ ಒಂದು ಮಾರು ದೂರದಿಂದ ಹೊಡೆಯಿರಿ. ಚಿಕ್ಕದಾಗಿ 'ಟಪ್' ಅಂದು ದೀಪ ಹೆಚ್ಚುಕಡಿಮೆ ಕೂಡಲೇ ವಾಪಸ್ ಬರಬೇಕು. ಈಗ ಕಣ್ಣನ್ನು ಬೆರಳಿಂದ ಮುಚ್ಚಿ ಹೊಡೆಯಿರಿ. ಪೂರ್ತಿ ಶಕ್ತಿಯಲ್ಲಿ 'ಢಪ್' ಅಂದು ದೀಪ ತಡವಾಗಿ ಬರಬೇಕು. ಎರಡೂ ಒಂದೇ ಥರ ಇದ್ದರೆ ಆಟೋ ಸತ್ತಿದೆ. ಅಂಥದ್ದನ್ನು ಮ್ಯಾನುಯಲ್‌ನಲ್ಲಿ ಆರಾಮಾಗಿ ಬಳಸಬಹುದು, ಬೆಲೆ ಮಾತ್ರ ಅದಕ್ಕೆ ತಕ್ಕ ಹಾಗೆ ಕೊಡಿ.

ಆಟೋ ಸರಿ ಇದ್ದೂ ಎಲ್ಲಾ ಬೆಳ್ಳಗೆ ಬಂದರೆ ಆ ಕಣ್ಣಿಗೆ ಏನಾದರೂ ಅಡ್ಡ ಇತ್ತಾ, ಬ್ರಾಕೆಟ್ ತಿರುಗಿ ಅದು ಬೇರೆ ಕಡೆ ನೋಡುತ್ತಿತ್ತಾ ಅಂತ ನೋಡಿ. ಕಣ್ಣನ್ನು ಬಟ್ಟೆಯೂ ಮೋಸ ಮಾಡುತ್ತದೆ. ಬಿಳಿ ಧೋತರ, ಬಿಳಿ ಟೊಪಿಗೆಯ ಅಜ್ಜ ಫ್ರೇಮ್ ತುಂಬಾ ನಿಂತರೆ ಫ್ಲ್ಯಾಶ್ ಬೇಗ ಸಾಕು ಅಂದುಬಿಡುತ್ತದೆ, ಅಜ್ಜನ ಮುಖ ಕಪ್ಪು. ರಾತ್ರಿ ಬಯಲಲ್ಲಿ ಒಬ್ಬರೇ ನಿಂತರೆ ಹಿಂದಿನಿಂದ ಏನೂ ತಿರುಗಿ ಬರುವುದಿಲ್ಲ, ಮುಖ ಸುಣ್ಣ.

ಫ್ಲ್ಯಾಶಿನ ತಲೆ ಮೇಲಕ್ಕೆತ್ತಿ ಛಾವಣಿಗೆ ಹೊಡೆದರೆ ನೆರಳು ಮೆತ್ತಗಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಿಳಿ ಸಿಮೆಂಟ್ ಛಾವಣಿಗೆ ಅದು ನಿಜ, ಅಲ್ಲೂ ಎರಡು ಸ್ಟಾಪಿನಷ್ಟು, ಅಂದರೆ ನಾಲ್ಕರಲ್ಲಿ ಮೂರು ಪಾಲು ಬೆಳಕು ಖರ್ಚಾಗುತ್ತದೆ. ನಮ್ಮ ಕಡೆಯ ಹಳೆ ಮನೆಗಳ ಜಂತಿ, ಹೊಗೆ ಹಿಡಿದ ಹಂಚು ಇವಕ್ಕೆ ಹೊಡೆದರೆ ಬೆಳಕು ಹೋದದ್ದು ಹೋಯಿತು. ಅಲ್ಲಿ ನೇರಕ್ಕೆ ಹೊಡೆಯಿರಿ, ಇಲ್ಲವೇ ಸುಣ್ಣ ಬಳಿದ ಪಕ್ಕದ ಗೋಡೆ ಹುಡುಕಿ.

ಡಿಜಿಟಲ್ ಕ್ಯಾಮೆರಾಗೂ ಹಾಕುವ ಆಸೆ ಇದ್ದರೆ

ಅವಸರ ಮಾಡಬೇಡಿ. ಹಳೆ ಫ್ಲ್ಯಾಶಿನ ಕಾಲಿನ ಪಿನ್ನಿಗೂ ಪಕ್ಕದ ತಗಡಿಗೂ ನಡುವೆ ಕೆಲವು ಮಾಡೆಲ್‌ಗಳಲ್ಲಿ 200 ವೋಲ್ಟಿಗಿಂತ ಜಾಸ್ತಿ ಇರುತ್ತದೆ. ಜಪಾನಿನಲ್ಲಿ ಮಾಡಿದ ಹಳೆ ವಿವಿಟಾರ್ 283ಗಳು ಇದಕ್ಕೇ ಹೆಸರಾದವು. ಕೆ1000ದ ತಗಡಿನ ಸ್ವಿಚ್ಚಿಗೆ ಅದರಿಂದ ಏನೂ ಆಗುವುದಿಲ್ಲ. ಡಿಜಿಟಲ್ ಕ್ಯಾಮೆರಾದ ಸೂಕ್ಷ್ಮ ಸರ್ಕ್ಯೂಟಿಗೆ ಅದು ಸಾವು. ಫ್ಲ್ಯಾಶ್ ಪೂರ್ತಿ ಚಾರ್ಜ್ ಮಾಡಿ, ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಹಾಕಿ, ಕೆಂಪು ಕಡ್ಡಿ ಪಿನ್ನಿಗೆ, ಕಪ್ಪು ಕಡ್ಡಿ ಪಕ್ಕದ ತಗಡಿಗೆ ಇಡಿ. 6 ವೋಲ್ಟಿನ ಒಳಗಿದ್ದರೆ ನಿಶ್ಚಿಂತೆ. ನನ್ನದು 180 ತೋರಿಸಿತು. ಅದು ಕೆ1000ದ ಮೇಲೆಯೇ ಇರಲಿ ಅಂತ ಹಣೆಯ ಮೇಲೆ ಕೆಂಪು ಟೇಪ್ ಅಂಟಿಸಿದ್ದೇನೆ.

ಕೊಳ್ಳುವಾಗ ಇನ್ನೊಂದೆರಡು ಮಾತು. ಫಿಲ್ಮ್ ಕಾಲದ ದೊಡ್ಡ ಕೈಹಿಡಿ ಫ್ಲ್ಯಾಶ್, ಮೆಟ್ಜ್ 45 ಥರದ್ದು, ಮದುವೆ ಫೋಟೋಗ್ರಾಫರುಗಳ ಹತ್ತಿರ ಸಿಗುತ್ತವೆ. ಬೆಳಕು ಭರ್ಜರಿ, ಆದರೆ ಸೆಲ್ಲಿನ ಗೂಡು ಮತ್ತು ಕಾರ್ಡ್ ಎರಡೂ ಜೊತೆಗಿದ್ದರೆ ಮಾತ್ರ ತೆಗೆದುಕೊಳ್ಳಿ. ಆಮೇಲೆ ಬೇರೆ ಹುಡುಕುವುದು ಕಷ್ಟ. 1988ರ ನಂತರದ ಮಿನೋಲ್ಟಾ ಆಟೋಫೋಕಸ್ ಕ್ಯಾಮೆರಾಗಳ ಶೂ ಬೇರೆಯೇ ಆಕಾರ, ಮಾಮೂಲಿ ಫ್ಲ್ಯಾಶ್ ಕೂರುವುದಿಲ್ಲ. ಹಳೆಯದರ ತಲೆನೋವೇ ಬೇಡ ಅನ್ನುವವರಿಗೆ ನಡುವೆ ಒಂದೇ ಪಿನ್ ಇರುವ ಇತ್ತೀಚಿನ ಮ್ಯಾನುಯಲ್ ಫ್ಲ್ಯಾಶ್, ಉದಾಹರಣೆಗೆ ಯಾಂಗ್ನುವೊ 560 ಅಥವಾ ಗೊಡಾಕ್ಸ್ ಟಿಟಿ600, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೂ ಕೆ1000ದ ಮೇಲೆ ಹೊಡೆಯುತ್ತದೆ.

ಮನೆಗೆ ತಂದ ಮೇಲೆ ಕೆಲಸ ಮುಗಿದಾಗಲೆಲ್ಲ ಸೆಲ್ ತೆಗೆದಿಡಿ. ತಿಂಗಳಿಗೊಮ್ಮೆ ಸೆಲ್ ಹಾಕಿ ಚಾರ್ಜ್ ಮಾಡಿ ಒಂದೆರಡು ಸಲ ಗೋಡೆಗೆ ಹೊಡೆಯಿರಿ. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ಅದರ ಪಾಳಿ. ದಿನ ನೆನಪಿರುತ್ತದೆ ಅಂತ ಅಷ್ಟೇ, ಬೇರೆ ಏನೂ ಇಲ್ಲ.

ಎರಡನೇ ಫ್ಲ್ಯಾಶಿನ ಕಥೆ ಬಾಕಿ ಇದೆ. ಅದಕ್ಕೂ ಮುಚ್ಚಳ ಉಜ್ಜಿದೆ, ಸೆಲ್ ಹಾಕಿದೆ. ಕುಂಯ್ ಅಂತು, ಸ್ವರ ಅರ್ಧ ದಾರಿಗೆ ಏರಿ ಅಲ್ಲೇ ನಿಂತಿತು. ಮೂರು ದಿನ ಸಂಜೆ ಆನ್-ಆಫ್ ಮಾಡಿದೆ. ನಾಲ್ಕನೇ ದಿನ ಮೈ ಬಿಸಿಯಾಗಿ ಮೀನಿನಂಥ ವಾಸನೆ ಬಂತು. ಕೂಡಲೇ ಸೆಲ್ ಕಿತ್ತು, ಎರಡು ದಿನ ಹಾಗೇ ಬಿಟ್ಟು, ಇ-ವೇಸ್ಟ್ ಡಬ್ಬಿಗೆ ಹಾಕಿದೆ. ಹಾಕುವ ಮೊದಲು ಅದರ ಸಿಂಕ್ ಕಾರ್ಡ್ ಬಿಚ್ಚಿಕೊಂಡೆ. ಅದನ್ನು ಮೊದಲ ಫ್ಲ್ಯಾಶಿಗೆ ಹಾಕಿ ಕ್ಲಿಪ್ ಮುಟ್ಟಿಸಿ ನೋಡಿದರೆ ಎಷ್ಟು ಬಗ್ಗಿಸಿದರೂ ಪ್ರತಿ ಸಲ ಹೊಡೆಯಿತು. ಬ್ರಾಕೆಟ್ ಮೇಲಿನ ಫ್ಲ್ಯಾಶಿಗೆ ಈಗ ಅದೇ ಕಾರ್ಡ್.